ಯಾರೂ ಕೇಳದ ಪ್ರಶ್ನೆ

“ಮಗನೇ ಮಾಡಿದ್ದು. ಇದರಲ್ಲಿ ವಾದ ಮಾಡೋಕೆ ಏನಿದೆ ಹೇಳಿ ಅಣ್ಣ?” ಎಂದರು ಏಜೆಂಟಮ್ಮ, ಕನ್ನಡಕದಂಗಡಿಯ ಗಾಜಿನ ಮೇಜಿನ ಮೇಲೆ ಮೊಣಕೈ ಊರಿ. “ಮೊನ್ನೆ ಸಂಜೆ ಅಪ್ಪನ ಜತೆ ಜಗಳ ಆಯ್ತು, ಇಡೀ ಬೀದಿಗೆ ಕೇಳಿಸ್ತು. ‘ಈ ಶಾಲೆ ಮುಚ್ಚಿ, ಇಲ್ಲಾಂದ್ರೆ ನಾನೇ ಮುಚ್ಚಿಸ್ತೀನಿ’ ಅಂತ ಕಿರುಚಿ ಮೆಟ್ಟಿಲು ಇಳಿದು ಹೋದ. ಮಾರನೇ ಬೆಳಿಗ್ಗೆ ನಾನು ಬಾಗಿಲು ತಳ್ಳಿ ನೋಡಿದ್ರೆ ಮೇಷ್ಟ್ರು ಹೆಣವಾಗಿ ಬಿದ್ದಿದ್ದಾರೆ. ಪೊಲೀಸರು ಕೇಳಿದ್ರೆ ಇವನ ಬಾಯಿಂದ ಮಾತಿಲ್ಲ. ತಪ್ಪಿಲ್ಲದವನು ತಪ್ಪಿಲ್ಲ ಅಂತ ಬಾಯಿಬಿಟ್ಟು ಹೇಳ್ತಾನೋ ಇಲ್ವೋ?”

“ಹೇಳ್ತಾನೆ, ಹೇಳ್ತಾನೆ,” ಎಂದು ಅಂಗಡಿಯಣ್ಣ ತಲೆಯಾಡಿಸಿದ.

ಅಂಗಡಿಯಣ್ಣನಿಗೆ ಅದೊಂದು ಕಾಯಿಲೆ. ಎದುರಿಗೆ ನಿಂತವರು ನಾಲ್ಕು ಮಾತು ಜೋಡಿಸಿ ಹೇಳಿದರೆ ಸಾಕು, ಅದೇ ಸರಿ ಎನಿಸಿಬಿಡುತ್ತಿತ್ತು. ದುಂಡು ಮುಖದವರು ದುಂಡು ಕನ್ನಡಕ ಇಟ್ಟುಕೊಂಡು “ಚೆನ್ನಾಗಿದೆ ಅಲ್ವಾ?” ಎಂದರೆ ಹೌದು. ಅವರ ಹೆಂಡತಿ “ಚೆನ್ನಾಗಿಲ್ಲ ಅಲ್ವಾ?” ಎಂದರೆ ಅದಕ್ಕೂ ಹೌದು. ವ್ಯಾಪಾರಕ್ಕೆ ಇದರಿಂದ ಒಳ್ಳೆಯದೇ ಆಗಿತ್ತು.

“ನಿನ್ನ ಕತ್ತಿಗೆ ಸ್ಪ್ರಿಂಗ್ ಹಾಕಿದ್ದಾರೆ ಕಣೋ ಪುಟ್ಟ, ಯಾರು ಮುಟ್ಟಿದ್ರೂ ಆಡುತ್ತೆ!” ಎಂಬ ದನಿ ಒಳಕೋಣೆಯಿಂದ ಬಂತು. ಆ ಮಾತಿನ ಹಿಂದೆಯೇ ಅಕ್ಕ ಬಂದಳು, ಕೈಯಲ್ಲಿ ಚಹಾದ ಲೋಟ, ಮುಖದಲ್ಲಿ ಸಿಡಿಮಿಡಿ.

ಅಕ್ಕ ಎಂದರೆ ಅಂಗಡಿಯಣ್ಣನ ಒಡಹುಟ್ಟಿದ ಅಕ್ಕ. ತಲೆ ನರೆತ ತಮ್ಮನನ್ನು ಇವತ್ತಿಗೂ ಪುಟ್ಟ ಎಂದು ಕರೆಯುವವಳು. ಕೂದಲು ಕಪ್ಪಗಿದ್ದಾಗ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಸೇರಿ, ಬೆಳ್ಳಗಾದ ಮೇಲೆ ಬಿಟ್ಟು ಬಂದಿದ್ದಳು. ಸಾಕ್ಷಿಗಳು ಹೇಳಿದ್ದನ್ನೂ ವಕೀಲರು ಹೇಳಿಸಿದ್ದನ್ನೂ ಅಷ್ಟು ಕಾಲ ಟೈಪ್ ಮಾಡಿದವಳಿಗೆ ಮನುಷ್ಯರ ಮಾತಿನ ಮೇಲೆ ಒಂದು ಬಗೆಯ ಸಿಟ್ಟು ಉಳಿದುಹೋಗಿತ್ತು. ಬೀದಿಯಲ್ಲಿ ಏನೇ ಕಳವಾಗಲಿ, ಯಾರ ಮನೆಯಲ್ಲೇ ಯಾರದೇ ಮೇಲೆ ಅನುಮಾನ ಬರಲಿ, ಜನ ಅಂಗಡಿಯ ಹಿಂದಿನ ಅವಳ ಕೋಣೆಗೆ ಬರುತ್ತಿದ್ದರು. ಬೈಸಿಕೊಂಡು ಒಳಗೆ ಬಂದು, ಸತ್ಯ ತಿಳಿದುಕೊಂಡು ಹೊರಗೆ ಹೋಗುತ್ತಿದ್ದರು. ಇನ್ಸ್‌ಪೆಕ್ಟರ್ ಕೂಡ ಹಾಗೆ ಬಂದು ಹೋದವರೇ.

“ನಮ್ಮ ಕೋರ್ಟಿನಲ್ಲಿ ಒಬ್ಬ ಜಡ್ಜ್ ಇದ್ದರು,” ಎಂದಳು ಅಕ್ಕ. “ಅವರು ಆಕಳಿಸಿದ ಮೇಲೆ ಕರೆಂಟು ಹೋಗೋದು. ದಿನಾ ಹೋಗೋದು. ಹಾಗಂತ ಆಕಳಿಕೆ ಮೇಲೆ ಯಾರೂ ದೂರು ಕೊಡಲಿಲ್ಲ. ಜಗಳ ಆದ ಮೇಲೆ ಸತ್ತರು ಅಂದ್ರೆ ಜಗಳದಿಂದ ಸತ್ತರು ಅಂತಾನಾ? ಮಾತಾಡದವನು ತಪ್ಪಿತಸ್ಥ ಅಂದ್ರೆ, ಇಷ್ಟು ಮಾತಾಡೋ ನೀವು ಎಷ್ಟು ಸಾಚಾ ಇರಬೇಕು!”

“ನೋಡಿ ಅಣ್ಣ, ನಿಮ್ಮಕ್ಕ ನನ್ನ ಮೇಲೇ ಬರ್ತಿದ್ದಾರೆ!”

“ಹೌದು,” ಎಂದು ಅಂಗಡಿಯಣ್ಣ ಅದಕ್ಕೂ ತಲೆಯಾಡಿಸಿದ.

ಏಜೆಂಟಮ್ಮ ವಿಮೆ ಮಾರುವವರು. ಮಾತನ್ನು ಹರಿತ ಮಾಡಿಕೊಳ್ಳಲು ಅಂಗಡಿಯ ಮೇಲಿನ ಮಹಡಿಯ ವಾದಶಾಲೆಗೆ ಬರುತ್ತಿದ್ದರು. ಮೇಷ್ಟ್ರು ಅಲ್ಲಿ ಯಾರಿಗೆ ಬೇಕಾದರೂ ವಾದ ಮಾಡುವುದನ್ನು ಕಲಿಸುತ್ತಿದ್ದರು. ವಕೀಲರು, ಮಾರಾಟದವರು, ಸಂಘದ ಮುಂದಾಳುಗಳು, ಗಂಡನ ಜತೆ ಮಾತಿನಲ್ಲಿ ಗೆಲ್ಲಲೇಬೇಕೆಂದು ಹಟ ತೊಟ್ಟ ಒಬ್ಬಾಕೆ, ಎಲ್ಲರೂ ಅಲ್ಲಿ ಕಲಿತವರೇ. ಶಾಲೆಗೆ ಎರಡು ಕಟ್ಟುಪಾಡುಗಳಿದ್ದವು. ಮೊದಲನೆಯದು, ತನ್ನ ಮಾತು ಆಡುವ ಮುಂಚೆ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಆಡಿ ತೋರಿಸಬೇಕು. ಎದುರಾಳಿ “ಹೌದು, ನಾನು ಹೇಳೋದು ಇದನ್ನೇ” ಎಂದು ತಲೆಯಾಡಿಸಿದ ಮೇಲೆಯೇ ಮುಂದಿನದು. ಎರಡನೆಯದು, ತನ್ನ ವಾದಕ್ಕೆ ಬರಬಹುದಾದ ಆಕ್ಷೇಪವನ್ನು ಯಾರೂ ಎತ್ತುವ ಮುಂಚೆ ತಾನೇ ಎತ್ತಿ ಉತ್ತರ ಕೊಟ್ಟುಬಿಡಬೇಕು. ಆಕ್ಷೇಪಕ್ಕೆ ಉತ್ತರ ಬಿಟ್ಟವನ ಮುಂದೆ ಮೇಷ್ಟ್ರು ಹಿತ್ತಾಳೆಯ ದೊಡ್ಡ ಕೈಗಂಟೆ ಬಾರಿಸಿ ಕೆಳಗಿಳಿಸುತ್ತಿದ್ದರು. ಕೊನೆಗೆ ಅವರ ಹಣೆಗೆ ಬಿದ್ದು ಜೀವ ತೆಗೆದ ಪೆಟ್ಟೂ ಅದೇ ಗಂಟೆಯದು.

ಏಜೆಂಟಮ್ಮ ಮುನಿಸಿಕೊಂಡು ಮೆಟ್ಟಿಲೇರಿ ಹೋದ ಮೇಲೆ ಅಂಗಡಿಯಣ್ಣ ಮೇಜಿನ ಡ್ರಾಯರ್ ಎಳೆದ. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕವೊಂದು ಅಲ್ಲಿ ಮಲಗಿತ್ತು, ಒಂದು ಕಡ್ಡಿ ಕಳಚಿ. ಮೊನ್ನೆ, ಶಾಲೆಗೆ ವಾರದ ರಜೆಯ ದಿನ, ಮಧ್ಯಾಹ್ನ ಮೇಷ್ಟ್ರೇ ಬಂದು ಕೊಟ್ಟು ಹೋಗಿದ್ದರು. ತಿರುಪು ತರಿಸಬೇಕಿತ್ತು. ಅಲ್ಲಿಯವರೆಗೆ ಅಂಥದೇ ಚೌಕಟ್ಟಿನ ಹಳೆಯದೊಂದನ್ನು ಅವನು ಕೊಟ್ಟಿದ್ದ. ಪವರ್ ಮಾತ್ರ ಬಹಳ ಕಡಿಮೆ. “ಹತ್ತಿರದ್ದು ಕಾಣುತ್ತೆ, ದೂರದ್ದು ಮಸುಕು ಮೇಷ್ಟ್ರೇ, ಮೆಟ್ಟಿಲು ಜೋಪಾನ” ಎಂದಾಗ ಅವರು ನಕ್ಕು, “ಯಾರಿಗೂ ಹೇಳಬೇಡಯ್ಯ, ಎದುರಾಳಿ ಕಾಣದ ಮೇಷ್ಟ್ರು ಅಂತ ಆಡಿಕೊಳ್ತಾರೆ” ಎಂದು ಗೋಡೆ ಹಿಡಿದುಕೊಂಡೇ ಮಹಡಿ ಹತ್ತಿದ್ದರು. ಅಂಗಡಿಯಣ್ಣ ಯಾರಿಗೂ ಹೇಳಲಿಲ್ಲ. ಈಗ ಹೇಳುವುದಕ್ಕೆ ಏನು ಉಳಿದಿದೆ ಎಂದುಕೊಂಡು ಡ್ರಾಯರ್ ಮುಚ್ಚಿದ.

ಆಗಲೇ ಸೊಸೆ ಬಂದಳು. ಮೇಷ್ಟ್ರ ಸೊಸೆ, ಬಡಗಿಯ ಹೆಂಡತಿ. ಹೌದು, ಊರಿಗೆಲ್ಲ ಮಾತು ಕಲಿಸಿದ ಮೇಷ್ಟ್ರ ಒಬ್ಬನೇ ಮಗ ಬಡಗಿ, ಮೇಲಾಗಿ ಉಗ್ಗುವವನು. ಸಮಾಧಾನದಲ್ಲಿದ್ದಾಗ ಚೆನ್ನಾಗಿಯೇ ಮಾತಾಡುತ್ತಿದ್ದ. ಸಿಟ್ಟು ಬಂದಾಗ ಒಂದೇ ಉಸಿರಿಗೆ ಕಿರುಚುತ್ತಿದ್ದ. ಹೆದರಿದಾಗ ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿತ್ತು.

“ಅಕ್ಕಾ, ಇವತ್ತು ಮೇಲೆ ಶಾಲೆಯ ಭಾನುವಾರದ ಸಭೆ ಮುಗೀತಿದ್ದ ಹಾಗೆ ಪೊಲೀಸರು ಇವರನ್ನ ಕರ್ಕೊಂಡು ಹೋಗ್ತಾರಂತೆ. ನೀವು ಬರಬೇಕು.” ಅವಳ ಕಣ್ಣುಗಳು ಕೆಂಪಗಿದ್ದವು, ಆದರೆ ಅಳುತ್ತಿರಲಿಲ್ಲ. “ನನ್ನ ಗಂಡ ಹೊಡೆದಿಲ್ಲ. ನನಗೆ ಗೊತ್ತು.”

“ಹೆಂಡತಿಗೆ ಗೊತ್ತು ಅನ್ನೋದು ಕೋರ್ಟಿನಲ್ಲಿ ನಿಲ್ಲಲ್ಲ ಕಣಮ್ಮ. ಜಗಳ ಯಾಕಾಯ್ತು?”

“ನಮ್ಮಣ್ಣನ ವಿಷಯಕ್ಕೆ. ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಅವನ ಕಣ್ಣು ಹೋಯ್ತಲ್ಲ. ಕಾರ್ಖಾನೆ ಪರ ನಿಂತಿದ್ದು ಮಾವನ ಶಿಷ್ಯ ವಕೀಲಣ್ಣ. ಆಸ್ಪತ್ರೆ ಮಂಚದ ಪಕ್ಕ ಕೂತು, ನಯವಾಗಿ, ಅಣ್ಣನ ಬಾಯಿಂದಲೇ ‘ನಂದೇ ಅಜಾಗರೂಕತೆ’ ಅನ್ನಿಸಿಬಿಟ್ರು. ಬಾಯ್ಲರ್ ಹಳೇದು ಅಂತ ಎಲ್ಲರಿಗೂ ಗೊತ್ತು ಅಕ್ಕ. ‘ನಿಮ್ಮ ಶಿಷ್ಯ ನಿಮ್ಮ ವಿದ್ಯೆಯಿಂದ ಈ ಕೆಲಸ ಮಾಡಿದಾನೆ, ಭಾನುವಾರದ ಸಭೆಯಲ್ಲಿ ನೀವೇ ಎದ್ದು ಹೇಳಬೇಕು’ ಅಂತ ಇವರ ಹಟ. ‘ಅವನೂ ನನಗೆ ಮಗನ ಹಾಗೆ, ಹೇಗೆ ಹೇಳಲಿ’ ಅಂತ ಮಾವ. ಅಷ್ಟಕ್ಕೇ ಅಷ್ಟು ಕೂಗಾಟ.”

“ಆಮೇಲೆ?”

“ಆಮೇಲೆ ಇವರು ಕೊಟ್ಟಿಗೆಯಂಥ ಅವರ ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಮರ ಕೊಯ್ಯೋ ಸದ್ದು ನನಗೆ ಕೇಳಿಸ್ತಿತ್ತು. ಆದ್ರೆ ನಾನು ಹೇಳಿದ್ರೆ ಯಾರು ನಂಬ್ತಾರೆ? ಇದೆಲ್ಲ ಇದ್ರೂ ವಕೀಲಣ್ಣ ತಾವಾಗೇ ಬಂದು, ‘ನಿನ್ನ ಗಂಡನ ಪರ ಇವತ್ತು ನಾನು ಮಾತಾಡ್ತೀನಿ’ ಅಂದ್ರು. ಎಷ್ಟಾದ್ರೂ ಹಳೆ ಋಣ.”

“ಒಂದು ಕೇಳ್ತೀನಿ. ರಜೆ ದಿನ ಮೇಲಿನ ಕೋಣೆ ಹೇಗಿತ್ತು?”

“ನಾನೇ ಗುಡಿಸಿ ಒರೆಸಿದ್ದು. ಕುರ್ಚಿಯೆಲ್ಲ ಎತ್ತಿ ಗೋಡೆ ಪಕ್ಕಕ್ಕೆ ಒಟ್ಟಿದ್ದೆ. ಮಾವನ ಕುರ್ಚಿ ಒಂದೇ ಮೇಜಿನ ಹಿಂದೆ.”

“ಜಗಳ ಆಡೋವಾಗ ನಿನ್ನ ಗಂಡ ಎಲ್ಲಿ ಕೂತಿದ್ದ?”

“ಕೂರೋದಾ? ಆ ಮೇಜಿನ ಮುಂದೆ ಅವರು ಯಾವತ್ತೂ ಕೂತಿಲ್ಲ ಅಕ್ಕ. ಚಿಕ್ಕಂದಿನಲ್ಲಿ ಆ ಎದುರು ಕುರ್ಚಿಯಲ್ಲಿ ಕೂರಿಸಿ ಮಾತಾಡು ಮಾತಾಡು ಅಂತ ಗೋಳು ಹೊಯ್ಕೊಂಡಿದ್ರಂತೆ ಮಾವ. ಅದನ್ನ ಕಂಡ್ರೇ ಇವರಿಗಾಗಲ್ಲ.”

ಅಕ್ಕ ಚಹಾದ ಲೋಟವನ್ನು ಕುಕ್ಕಿ ಇಟ್ಟಳು. “ಪುಟ್ಟ, ಅಂಗಡಿ ಬಾಗಿಲೆಳಿ.”

ಮೇಲಿನ ಕೋಣೆ ಜನರಿಂದ ತುಂಬಿತ್ತು. ಮೇಜಿನ ಸುತ್ತ ಪೊಲೀಸರು ಹಗ್ಗ ಕಟ್ಟಿ, ಒಳಗಿನದನ್ನು ಸಿಕ್ಕ ಹಾಗೆಯೇ ಬಿಟ್ಟಿದ್ದರು. ಮೇಷ್ಟ್ರ ಕುರ್ಚಿ ಹಿಂದಕ್ಕೆ ಸರಿದಿತ್ತು. ಅದರ ಎದುರಿಗೆ, ಮೇಜಿನ ಈಚೆ, ಇನ್ನೊಂದು ಕುರ್ಚಿ ನೆಟ್ಟಗೆ ನಿಂತಿತ್ತು. ವಾದಕ್ಕೆ ಕೂರುವವರು ಹಾಕಿಕೊಳ್ಳುವ ರೀತಿಯಲ್ಲೇ. ಉಳಿದವನ್ನು ಜನ ಗೋಡೆಯ ಪಕ್ಕದಿಂದ ಎಳೆದುಕೊಂಡು ಕೂತಿದ್ದರು. ಅಕ್ಕ ಹಗ್ಗದ ಬಳಿ ನಿಂತು ಆ ಎರಡು ಕುರ್ಚಿಗಳನ್ನು ಬಹಳ ಹೊತ್ತು ನೋಡಿದಳು. ಅಂಗಡಿಯಣ್ಣನೂ ನೋಡಿದ. ಅವನಿಗೆ ಕುರ್ಚಿಗಳಷ್ಟೇ ಕಂಡವು.

ಬಡಗಿ ಮೂಲೆಯಲ್ಲಿ ಇಬ್ಬರು ಪೇದೆಗಳ ನಡುವೆ ನಿಂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಮರದ ಹುಡಿ. ಇನ್ಸ್‌ಪೆಕ್ಟರ್ ಎದ್ದು, “ವಕೀಲರು ಕೇಳಿಕೊಂಡರು ಅಂತ ಒಪ್ಪಿದ್ದೀನಿ. ಮೇಷ್ಟ್ರ ಕ್ರಮದ ಪ್ರಕಾರ ಎರಡೂ ಕಡೆ ಮಾತಾಗಲಿ. ಆಮೇಲೆ ನನ್ನ ಕೆಲಸ ನಾನು ಮಾಡ್ತೀನಿ,” ಎಂದರು.

ಏಜೆಂಟಮ್ಮ ಮೊದಲು ಮಾತಾಡಿದರು. ಅಂಗಡಿಯಲ್ಲಿ ಹೇಳಿದ್ದನ್ನೇ ಇನ್ನಷ್ಟು ಏರುದನಿಯಲ್ಲಿ ಹೇಳಿ, ಕೊನೆಗೆ ಮೇಷ್ಟ್ರ ನೆನಪಾಗಿ ನಿಜವಾಗಿಯೇ ಬಿಕ್ಕಿ ಕೂತರು. “ನಡೀರಿ, ಕರ್ಕೊಂಡು ಹೋಗಿ” ಎಂದು ಹಿಂದಿನಿಂದ ಯಾರೋ ಕೂಗಿದರು.

ಆಮೇಲೆ ವಕೀಲರು ಎದ್ದರು. ಮೇಷ್ಟ್ರ ಮೊದಲ ಶಿಷ್ಯ, ಇಸ್ತ್ರಿ ಕೆಡದ ಕೋಟು, ಬೆಣ್ಣೆಯಂಥ ದನಿ. “ಮೊನ್ನೆ ಇಡೀ ದಿನ ನಾನು ಕಚೇರಿಯಲ್ಲೇ ಉಳಿದೆ,” ಎಂದು ಶುರುಮಾಡಿದರು. “ಇಲ್ಲಿಗೆ ಬರಲಿಲ್ಲ. ಫೋನ್ ಕೂಡ ಮಾಡಲಿಲ್ಲ. ಕೊನೆಯ ದಿನ ನನ್ನ ಗುರುವಿನ ದನಿ ಕೂಡ ನನ್ನ ಕಿವಿಗೆ ಬೀಳಲಿಲ್ಲ. ಇದನ್ನ ಇನ್ಸ್‌ಪೆಕ್ಟರ್ ಮುಂದೆ ಹೇಳುವಾಗಲೂ ಅತ್ತಿದ್ದೇನೆ. ಈಗ ಏಜೆಂಟಮ್ಮನ ಮಾತನ್ನ ಅವರಿಗಿಂತ ಚೆನ್ನಾಗಿ ಹೇಳ್ತೀನಿ.”

ಹೇಳಿದರು. ಏಜೆಂಟಮ್ಮ ತಲೆಯಾಡಿಸಿದರು. ವಕೀಲರ ಬಾಯಲ್ಲಿ ಆರೋಪ ಎಷ್ಟು ಗಟ್ಟಿಯಾಯಿತೆಂದರೆ ಬಡಗಿ ಕಣ್ಣು ಮುಚ್ಚಿಕೊಂಡ.

“ಇನ್ನು ನನ್ನ ಮಾತು. ಇವನು ನನ್ನ ತಮ್ಮ. ಮಾತು ಸಿಕ್ಕಿಕೊಳ್ಳುವವನ ಕಷ್ಟ ಮಾತು ಹರಿಯುವ ನಮಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ನಗೆಪಾಟಲಾದವನು. ಅಂಥವನ ಎದೆಯಲ್ಲಿ ಎಷ್ಟು ಬೆಂಕಿ ಕೂಡಿರಬೇಡ? ಅದು ಒಂದು ಗಳಿಗೆ ಹೊತ್ತಿಕೊಂಡರೆ ನಾವು ಕ್ಷಮಿಸಬಾರದೇ? ಹಾಗಂತ ಅವನೇ ಮಾಡಿದ ಅಂತ ನಾನು ಹೇಳ್ತಿಲ್ಲ. ಬೇರೆ ಯಾರೋ ಬಂದಿರಬಹುದು. ಇದಕ್ಕೆ ಒಂದು ಆಕ್ಷೇಪ ಬರಬಹುದು: ಬೇರೆಯವನು ಬಂದಿದ್ದರೆ ಮೇಷ್ಟ್ರು ‘ಯಾರದು?’ ಅಂತ ಕೂಗ್ತಿರಲಿಲ್ಲವೇ, ಕೆಳಗಿನ ಅಂಗಡಿಗೆ ಕೇಳಿಸ್ತಿರಲಿಲ್ಲವೇ ಅಂತ. ಉತ್ತರ ಇದೆ. ಬಾಗಿಲಲ್ಲಿ ನಿಂತವನ ಮುಖ ಅವತ್ತು ಅವರಿಗೆ ಕಾಣುವ ಹಾಗಿರಲಿಲ್ಲ. ಬಂದವನನ್ನ ಮಗನೇ ಅಂದುಕೊಂಡು ಸುಮ್ಮನೆ ಒಳಗೆ ಕರೆದಿರ್ತಾರೆ. ಆದರೆ ಆ ಇನ್ನೊಬ್ಬ ಯಾರು, ಯಾಕೆ ಬಂದ? ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ನಾನು ಕೇಳಬಲ್ಲದ್ದು ಕರುಣೆ ಒಂದನ್ನೇ.”

ಕೋಣೆಯಲ್ಲಿ ಮೂಗೊರೆಸಿಕೊಳ್ಳುವ ಸದ್ದು. ಅಂಗಡಿಯಣ್ಣ ಕಣ್ಣೊರೆಸಿಕೊಳ್ಳುತ್ತ ಉದ್ದಕ್ಕೂ ತಲೆಯಾಡಿಸುತ್ತಲೇ ಇದ್ದ. ಎಂಥ ಮಾತು, ಎಷ್ಟು ಸರಿಯಾದ ಮಾತು! ಪಕ್ಕಕ್ಕೆ ತಿರುಗಿದರೆ ಅಕ್ಕನ ಮುಖ ಕೆಂಡವಾಗಿತ್ತು. ಅವಳು ಅವನ ತೋಳು ಹಿಡಿದು ದರದರನೆ ಬಾಗಿಲಾಚೆಗೆ ಎಳೆದುಕೊಂಡು ಹೋದಳು.

“ಕಾಣುವ ಹಾಗಿರಲಿಲ್ಲ ಅಂದಾಗ ಯಾಕೋ ಅಷ್ಟು ಜೋರಾಗಿ ತಲೆಯಾಡಿಸಿದೆ?”

“ನಿಜ ಅಲ್ವಾ ಅಕ್ಕ, ಕಾಣ್ತಿರಲಿಲ್ಲ. ಮೇಷ್ಟ್ರ ಕನ್ನಡಕ ನನ್ನ ಡ್ರಾಯರ್‌ನಲ್ಲಿದೆಯಲ್ಲ.”

ಅಕ್ಕ ಅವನನ್ನೇ ದಿಟ್ಟಿಸಿದಳು. ಅವನು ಎಲ್ಲ ಹೇಳಿದ, ತಿರುಪು, ಹಳೆಯ ಕನ್ನಡಕ, ಗೋಡೆ ಹಿಡಿದು ಹತ್ತಿದ್ದು. ಹೇಳಿ ಮುಗಿಸುವಷ್ಟರಲ್ಲಿ ಅವಳು “ಅಯ್ಯೋ ಪುಟ್ಟ, ಪುಟ್ಟ!” ಎಂದು ಹಣೆ ಚಚ್ಚಿಕೊಂಡಳು. “ಓಡು. ಅದನ್ನ ತಗೊಂಡು ಬಾ.”

ಅವನು ಏದುಸಿರು ಬಿಡುತ್ತ ಹಿಂದಿರುಗಿದಾಗ ಪೇದೆಗಳು ಬಡಗಿಯ ತೋಳು ಹಿಡಿದಾಗಿತ್ತು. ಸೊಸೆ ಗಂಡನ ಅಂಗಿ ಬಿಡದೆ ನಿಂತಿದ್ದಳು. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಇನ್ನೊಂದು ಮಾತು ಬಾಕಿ ಇದೆ ಇನ್ಸ್‌ಪೆಕ್ಟರೇ. ನನ್ನದು. ಎಲ್ಲರೂ ಕೂತ್ಕೊಳ್ಳಿ. ಹಿಂದೆ ಕೂಗಿದವರು ಮೊದಲು ಕೂತ್ಕೊಳ್ಳಿ.”

ಕೂತರು. ಅಕ್ಕನ ದನಿಯಲ್ಲಿ ಅಂಥದೇನೋ ಇತ್ತು.

“ಮೊದಲು ಕುರ್ಚಿ,” ಎಂದಳು. “ರಜೆ ದಿನ ಗುಡಿಸಿ ಕುರ್ಚಿಗಳನ್ನೆಲ್ಲ ಸೊಸೆ ಗೋಡೆಗೆ ಒಟ್ಟಿದ್ದಳು. ಏಜೆಂಟಮ್ಮ, ಬೆಳಿಗ್ಗೆ ನೀವು ಒಳಗೆ ಬಂದಾಗ ಈ ಎದುರು ಕುರ್ಚಿ ಇಲ್ಲೇ ಇತ್ತಾ?”

“ಇತ್ತು. ಅದನ್ನ ಹಿಡ್ಕೊಂಡೇ ಕಿರುಚಿದ್ದು ನಾನು.”

“ಮಗ ಈ ಕುರ್ಚಿಯಲ್ಲಿ ಯಾವತ್ತಾದ್ರೂ ಕೂತದ್ದು ನೋಡಿದೀರಾ?”

ಏಜೆಂಟಮ್ಮ ತಲೆ ಅಲ್ಲಾಡಿಸಿದರು. “ಇಲ್ಲ. ಯಾವತ್ತೂ ಇಲ್ಲ. ಮೇಷ್ಟ್ರು ಅದಕ್ಕೇ ನೊಂದ್ಕೋತಿದ್ರು.”

“ಅಂದ್ರೆ ಜಗಳ ಆಡಿ ಮಗ ಹೋದ ಮೇಲೆ ಇನ್ನೊಬ್ಬರು ಬಂದ್ರು. ಕುರ್ಚಿ ಎಳ್ಕೊಂಡು ವಾದಕ್ಕೆ ಕೂತ್ರು. ಕಳ್ಳ ಬಂದು ಕುರ್ಚಿ ಎಳ್ಕೊಂಡು ಎದುರಿಗೆ ಕೂರಲ್ಲ. ಕೂತವರು ಈ ಶಾಲೆಯವರು.” ಅಕ್ಕ ಕೋಣೆಯನ್ನೊಮ್ಮೆ ನೋಡಿದಳು. “ಇನ್ನು ವಕೀಲರ ಭಾಷಣ. ನೀವೆಲ್ಲ ಅತ್ತಿರಿ. ನನಗೆ ಮೈ ಉರಿದುಹೋಯ್ತು. ಅವರ ಮಾತು ಒಂದೊಂದಾಗಿ ಬಿಡಿಸಿ ನೋಡಿ. ಎದೆಯಲ್ಲಿ ಬೆಂಕಿ ಇತ್ತು ಅಂದ್ರು. ಯಾರ ಎದೆಯಲ್ಲಿ? ಕ್ಷಮಿಸಬೇಕು ಅಂದ್ರು. ಯಾವುದಕ್ಕೆ? ಹೊಡೆಯದವನಿಗೆ ಕ್ಷಮೆ ಯಾಕಪ್ಪಾ? ಕರುಣೆ ಯಾಕೆ? ಆ ಮಾತುಗಳಿಗೆ ಅರ್ಥ ಇರೋದು ಇವನು ಕೊಂದಿದ್ರೆ ಮಾತ್ರ. ಆರೋಪ ಮಾಡಿದ ಏಜೆಂಟಮ್ಮ ಇವನನ್ನ ಕಟಕಟೆಗೆ ಹತ್ತಿಸಿದ್ರು ಅಷ್ಟೇ. ಪರವಾಗಿ ಮಾತಾಡಿದ ಇವರು ನೇಣಿನ ಹಗ್ಗಕ್ಕೆ ಎಣ್ಣೆ ಹಚ್ಚಿದ್ರು. ಸೋಲೋದಕ್ಕೇ ಮಾಡೋ ವಾದ ಇದು. ಎಷ್ಟು ಚಂದ ಸೋಲ್ತಾರೋ ಅಷ್ಟು ಜನ ನಂಬ್ತಾರೆ.”

“ಅಮ್ಮಾ,” ಎಂದರು ವಕೀಲರು ಮೆಲ್ಲಗೆ, “ನನ್ನ ವಾದ ದುರ್ಬಲ ಇರಬಹುದು. ದುರ್ಬಲ ವಾದ ಅಪರಾಧವಲ್ಲ.”

“ಅಲ್ಲವೇ ಅಲ್ಲ. ಅದರಿಂದ ನಾನು ಏನನ್ನೂ ಸಾಬೀತು ಮಾಡ್ತಿಲ್ಲ. ಅನುಮಾನ ಬಂತು, ಅಷ್ಟೇ. ಆದ್ರೆ ಅಷ್ಟೂ ದುರ್ಬಲ ಮಾತಿನ ನಡುವೆ ಒಂದೇ ಒಂದು ಗಟ್ಟಿ ಮಾತು ಇತ್ತು. ಯಾರೂ ಕೇಳದ ಪ್ರಶ್ನೆ ನೀವೇ ಕೇಳ್ಕೊಂಡು ಉತ್ತರ ಕೊಟ್ರಿ. ಬಾಗಿಲಲ್ಲಿ ನಿಂತವನ ಮುಖ ಅವತ್ತು ಮೇಷ್ಟ್ರಿಗೆ ಕಾಣ್ತಿರಲಿಲ್ಲ ಅಂದ್ರಿ. ಯಾಕೆ ಕಾಣ್ತಿರಲಿಲ್ಲ?”

ವಕೀಲರು ಕೋಟಿನ ಗುಂಡಿ ಮುಟ್ಟಿಕೊಂಡರು. “ಕನ್ನಡಕ... ಅವರ ಕನ್ನಡಕ ರಿಪೇರಿಗೆ ಹೋಗಿತ್ತಲ್ಲ.”

ಅಕ್ಕ ಕೈ ಚಾಚಿದಳು. ಅಂಗಡಿಯಣ್ಣ ಕಡ್ಡಿ ಕಳಚಿದ ಕನ್ನಡಕವನ್ನು ಅದರ ಮೇಲಿಟ್ಟ.

“ಇದು ಮೇಷ್ಟ್ರದು. ಇನ್ಸ್‌ಪೆಕ್ಟರೇ, ಹೆಣದ ಮುಖದ ಮೇಲೆ ಕನ್ನಡಕ ಇರಲಿಲ್ಲವೇ?”

“ಇತ್ತು. ಗಾಜು ಒಡೆದಿತ್ತು. ಅವರದ್ದೇ ಅಂದುಕೊಂಡೆವು. ನೋಡೋಕೆ ಇದೇ ಥರ.” ಇನ್ಸ್‌ಪೆಕ್ಟರ್ ಚೀಲದಿಂದ ಅದನ್ನು ತೆಗೆಸಿದರು. ಅಂಗಡಿಯಣ್ಣ ಒಡೆಯದೆ ಉಳಿದ ಗಾಜಿನಲ್ಲಿ ಕಿಟಕಿಯನ್ನು ನೋಡಿ, “ನಾನು ಕೊಟ್ಟಿದ್ದ ಹಳೇದೇ ಸಾರ್. ಇದರಲ್ಲಿ ಮೇಷ್ಟ್ರಿಗೆ ಬಾಗಿಲಲ್ಲಿರೋರು ಬರೀ ನೆರಳು,” ಎಂದ.

“ಬೇರೆ ಕನ್ನಡಕ ಅಂತ ನಿನಗೆ ಗೊತ್ತಿತ್ತೇನಮ್ಮ?” ಎಂದು ಅಕ್ಕ ಸೊಸೆಯನ್ನು ಕೇಳಿದಳು. ಅವಳು ಇಲ್ಲವೆಂದಳು. ಬಡಗಿ ಇಲ್ಲವೆಂದು ತಲೆ ಅಲ್ಲಾಡಿಸಿದ. ಏಜೆಂಟಮ್ಮ, “ದೇವರಾಣೆ ಗೊತ್ತಿಲ್ಲ,” ಎಂದರು.

“ಹೆಣ ನೋಡಿದ ಪೊಲೀಸರಿಗೇ ಗೊತ್ತಿಲ್ಲ. ಅವತ್ತು ಇತ್ತ ಕಾಲೇ ಇಡದ ವಕೀಲರಿಗೆ ಹೇಗೆ ಗೊತ್ತಾಯ್ತು?”

“ಅಂಗಡಿಯವರೇ ಹೇಳಿದ್ದು,” ಎಂದರು ವಕೀಲರು ತಟ್ಟನೆ.

“ನಾನಾ? ಯಾವಾಗ?” ಅಂಗಡಿಯಣ್ಣನಿಗೆ ತಾನೇ ಹೇಳಿರಬಹುದೇನೋ ಎನಿಸಿತು. ಅಷ್ಟು ಖಚಿತವಾಗಿ ಹೇಳಿದ್ದರು. ತಲೆ ಇನ್ನೇನು ಆಡುವುದರಲ್ಲಿತ್ತು. ಅಕ್ಕನ ಕಣ್ಣು ಕಂಡಿತು. “ಇಲ್ಲ ಸ್ವಾಮಿ,” ಎಂದ. “ನಾನು ಹೇಳಿಲ್ಲ. ಯಾರಿಗೂ ಹೇಳಬೇಡ ಅಂದಿದ್ರು ಮೇಷ್ಟ್ರು. ಅಕ್ಕನಿಗೇ ಈಗ ಹೇಳಿದ್ದು.”

“ಹಾಗಾದರೆ ಬೀದಿಯಲ್ಲಿ ಯಾರೋ... ಇಲ್ಲ, ನೆನಪಾಯ್ತು. ಮೇಷ್ಟ್ರೇ ಫೋನ್‌ನಲ್ಲಿ ಹೇಳಿದ್ದರು.”

“ಯಾವ ಫೋನ್‌ನಲ್ಲಿ?” ಇನ್ಸ್‌ಪೆಕ್ಟರ್ ಎದ್ದು ನಿಂತರು. “ಅವರ ದನಿಯೇ ಕೇಳಲಿಲ್ಲ ಅಂತ ನನ್ನ ಮುಂದೆ ಅತ್ತಿರಲ್ಲ? ಈಗಷ್ಟೇ ಇವರೆಲ್ಲರ ಮುಂದೆಯೂ ಅತ್ತಿರಿ.”

“ನಿಜಕ್ಕೆ ಉತ್ತರ ಒಂದೇ ಇರುತ್ತೆ ವಕೀಲರೇ,” ಎಂದಳು ಅಕ್ಕ. “ನಿಮ್ಮ ಹತ್ತಿರ ಗಳಿಗೆಗೊಂದು ಹುಟ್ಟುತ್ತೆ. ಬೇರೆ ಯಾರಾದ್ರೂ ಕೊಲೆಗಾರ ಆಗಿದ್ರೆ ಬಾಯಿ ಮುಚ್ಚಿಕೊಂಡಿರ್ತಿದ್ದ, ಬಚಾವಾಗ್ತಿದ್ದ. ನಿಮಗೆ ಆಗಲಿಲ್ಲ. ಆಕ್ಷೇಪಕ್ಕೆ ಉತ್ತರ ಬಿಟ್ಟು ಕೂರೋದು ಈ ಶಾಲೆಯವರ ಕೈಲಾಗಲ್ಲ. ಸೋಲೋಕೆ ಅಂತ ನಿಂತವರು ಕೂಡ ಅದೊಂದು ಉತ್ತರ ಕೊಟ್ಟೇಬಿಟ್ರಿ. ಈಗ ನಿಮ್ಮ ಕ್ರಮದಲ್ಲೇ ಹೋಗೋಣ. ನಿಮ್ಮ ಕಡೆಯ ಮಾತನ್ನ ನಾನು ಹೇಳ್ತೀನಿ. ಊಹೆ ನನ್ನದು, ತಪ್ಪಿದ್ರೆ ತಿದ್ದಿ.”

ಅವಳು ಹಗ್ಗದ ಬಳಿಗೆ ಹೋದಳು. ಅವಳ ದನಿಯಲ್ಲಿದ್ದ ಸಿಟ್ಟು ತಗ್ಗಲಿಲ್ಲ. ಹದವಾಯಿತು.

“ಈ ಮನೆಯಲ್ಲಿ ನೀವು ಮಗನಿಗಿಂತ ಹೆಚ್ಚಾಗಿ ಬೆಳೆದವರು. ಹುಟ್ಟಿದ ಮಗನಿಗೆ ಬಾರದ ಮಾತು ನಿಮಗೆ ಬಂತು. ಮೇಷ್ಟ್ರು ಹೆಮ್ಮೆಪಟ್ಟರು. ಅವತ್ತು ಸಂಜೆ ಜಗಳದ ಸುದ್ದಿ ನಿಮ್ಮ ಕಿವಿಗೂ ಬಿತ್ತು. ಸಮಾಧಾನ ಮಾಡೋಣ ಅಂತಲೇ ಬಂದಿರಿ. ಬಾಗಿಲಲ್ಲಿ ನಿಂತ ನಿಮ್ಮನ್ನ ಅವರು ಮಗ ಅಂದುಕೊಂಡರು. ನೀವು ಹೂಂ ಅನ್ನೋ ಮುಂಚೆಯೇ ‘ನೀನು ಹೇಳಿದ್ದೇ ಸರಿ, ಭಾನುವಾರ ನಾನೇ ಎದ್ದು ಅವನ ಮೋಸ ಹೇಳ್ತೀನಿ’ ಅಂದ್ರು. ಅವನು ಅಂದ್ರೆ ನೀವು. ಅಷ್ಟು ವರ್ಷ ಕಾದು ಗಳಿಸಿದ ಹೆಸರು, ಆ ಮಗನ ಒಂದು ಕೂಗಿಗೆ ಹೋಯ್ತು.”

ಅಂಗಡಿಯಣ್ಣ ನೋಡುತ್ತಿದ್ದಂತೆ ವಕೀಲರ ತಲೆ ಮೆಲ್ಲನೆ ಆಡಿತು, ಮೇಲಕ್ಕೆ, ಕೆಳಕ್ಕೆ. ಎಷ್ಟೋ ವರ್ಷ ಅದೇ ಮೇಜಿನ ಮುಂದೆ ಆಡಿದ ಹಾಗೆ.

“ತಲೆಯಾಡಿಸೋದು ಒಪ್ಪಿಗೆ ಅಲ್ಲ,” ಎಂದರು ಅವರು, ತಾವು ಮಾಡಿದ್ದು ತಿಳಿದು. ದನಿಯ ಬೆಣ್ಣೆ ಹೋಗಿತ್ತು.

“ಅಲ್ಲ. ಕುರ್ಚಿ ಎಳ್ಕೊಂಡು ಕೂತ ಮೇಲೆ ಏನಾಯ್ತು?”

“ನಾನೇ ಅಂತ ಗೊತ್ತಾದ ಮೇಲೂ ಅವರು ಬೈಯಲಿಲ್ಲ!” ವಕೀಲರು ಒಮ್ಮೆಗೇ ಕಿರುಚಿದರು. “ಬೈದಿದ್ದರೆ ಸಹಿಸ್ತಿದ್ದೆ. ‘ನನ್ನ ಕನ್ನಡಕ ರಿಪೇರಿಗೆ ಹೋಗಿದೆ, ಮಗ ಅಂದುಕೊಂಡೆ’ ಅಂದ್ರು. ‘ಕೂತ್ಕೋ, ವಾದ ಮಾಡು. ಮೊದಲು ಆ ಕಣ್ಣು ಹೋದವನ ಕಡೆ ಮಾತು ಹೇಳು, ನನಗೆ ಒಪ್ಪಿಗೆ ಆಗೋ ಹಾಗೆ’ ಅಂದ್ರು. ಶುರುಮಾಡಿದೆ. ಗಂಟೆ ಬಾರಿಸಿದ್ರು. ಮತ್ತೆ ಶುರುಮಾಡಿದೆ. ಮತ್ತೆ ಬಾರಿಸಿದ್ರು. ‘ನಿನಗೆ ಅವನ ಮಾತು ಬರೋದೇ ಇಲ್ಲ. ನೀನು ಅವನನ್ನ ನೋಡೇ ಇಲ್ಲ’ ಅಂದ್ರು. ಸರಿಯಾದ ಕನ್ನಡಕ ಇಲ್ಲದ ಮನುಷ್ಯ ನನಗೆ ಹೇಳ್ತಾರೆ, ನೋಡಿಲ್ಲ ಅಂತ! ಆ ಗಂಟೆ ನಿಲ್ಲಿಸಬೇಕು ಅನ್ನಿಸ್ತು. ಅಷ್ಟೇ ಅನ್ನಿಸಿದ್ದು.”

ಗಂಟೆಯ ಸದ್ದು ಅವತ್ತು ಕೆಳಗೆ ಅಂಗಡಿಯಣ್ಣನಿಗೂ ಕೇಳಿಸಿತ್ತು. ಮೇಲಿನಿಂದ ದಿನವೂ ಕೇಳುವ ಸದ್ದು, ಅವತ್ತು ರಜೆ ಎಂಬುದೂ ಅವನಿಗೆ ಹೊಳೆಯಲಿಲ್ಲ. ಅದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಪೇದೆಗಳು ಬಡಗಿಯ ತೋಳು ಬಿಟ್ಟು ಇನ್ನೊಂದು ಕಡೆಗೆ ಹೋದರು. ಬಡಗಿ ಸುಮ್ಮನೆ ಗೋಡೆಗೊರಗಿ ಕುಸಿದು ಕೂತ. “ಸ... ಸರಿ ಅಂದ್ರಾ?” ಎಂದ ಅಕ್ಕನ ಕಡೆ ನೋಡಿ. “ಅಪ್ಪ... ನಾನು ಹೇ... ಹೇಳಿದ್ದು ಸರಿ ಅಂದ್ರಾ?”

“ಅಂದ್ರು ಕಣಪ್ಪ.”

ಅವನು ಮುಖ ಮುಚ್ಚಿಕೊಂಡ. ಏಜೆಂಟಮ್ಮ ಅವನ ಮುಂದೆ ಬಂದು ಕೈ ಹಿಸುಕಿಕೊಳ್ಳುತ್ತ, “ತಮ್ಮಾ, ನಾನು ಹಾಗೆ ಅಂದುಕೊಂಡಿದ್ದಕ್ಕೆ ಒಂದಲ್ಲ ಎರಡಲ್ಲ ಕಾರಣ ಇತ್ತು, ಅದನ್ನ ನೀನು...” ಎಂದು ಶುರುಮಾಡಿದರು.

“ಬೇಡ,” ಎಂದಳು ಸೊಸೆ. “ದಯವಿಟ್ಟು ಈಗ ಮಾತು ಬೇಡ.”

ಎಲ್ಲರೂ ಬೀದಿಗೆ ಇಳಿದರು. ಅಂಗಡಿಯಣ್ಣ ಅಕ್ಕನ ಪಕ್ಕದಲ್ಲಿ ನಿಂತು, “ಅಕ್ಕ, ಒಂದು ಮಾತು ಹೇಳಲಾ? ಅವರು ನಾನೇ ಹೇಳಿದೆ ಅಂದಾಗ ನನಗೂ ಹೌದೇನೋ ಅನ್ನಿಸಿಬಿಟ್ಟಿತ್ತು,” ಎಂದ.

“ನನಗೆ ಕಾಣಿಸ್ತು ಕಣೋ. ಇನ್ನೊಂದು ಸಲ ಅನ್ನಿಸಿದ್ರೆ ಆ ತಲೆ ನನ್ನ ಹತ್ತಿರ ಕೊಟ್ಟುಬಿಡು. ರಿಪೇರಿ ಮಾಡಿಸ್ತೀನಿ.”

ವಕೀಲರನ್ನು ಕೂರಿಸಿಕೊಂಡ ಪೊಲೀಸ್ ಜೀಪು ಗುರುಗುಟ್ಟಿ ನಿಂತುಹೋಯಿತು. ಚಾಲಕ ಮತ್ತೆ ಮತ್ತೆ ತಿರುವಿದ. ಹೊರಡಲಿಲ್ಲ. “ಯಾರಾದ್ರೂ ಒಂದು ಕೈ ಹಾಕ್ರಪ್ಪ,” ಎಂದರು ಇನ್ಸ್‌ಪೆಕ್ಟರ್. ಸ್ವಲ್ಪ ಹೊತ್ತಿನ ಹಿಂದೆ ಕರ್ಕೊಂಡು ಹೋಗಿ ಎಂದು ಕೂಗಿದ್ದ ಜನ ಈಗ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಸೊಸೆ ಗಂಡನ ಕೈ ಬಿಟ್ಟಳು. ಜೀಪಿನ ಹಿಂದೆ ಹೋಗಿ, ಎರಡೂ ಅಂಗೈ ಒತ್ತಿ, ಹಲ್ಲು ಕಚ್ಚಿ ತಳ್ಳಿದಳು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಪಕ್ಕಕ್ಕೆ ಸೇರಿದಳು. ಅಂಗಡಿಯಣ್ಣನೂ ಓಡಿಬಂದ. ಗಾಲಿ ಒಂದು ಸುತ್ತು ಉರುಳಿತು, ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು, ಜೀಪು ಹೊಗೆ ಕಾರುತ್ತ ಮುಂದೆ ನುಗ್ಗಿತು. ಸೊಸೆ ಮುಗ್ಗರಿಸಿ, ಸಾವರಿಸಿಕೊಂಡು, ಮಸಿಯಾದ ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ರಸ್ತೆಯ ನಡುವೆ ನಿಂತಳು.